ಬಾವಿಗೆ ಡೈವ್ ಹೊಡೆದು ಕತ್ತಿನ ಹುರಿಗೆ ಪೆಟ್ಟು: ಆಕ್ಸಿಜನ್ ಚೇಂಬರ್ ಬೇಕಾ?

ಚಿಂತಾಮಣಿ ಕಡೆ ಬಾವಿಗೆ ತಲೆಕೆಳಗಾಗಿ ಹಾರಿ ಕತ್ತಿನ ಮೂಳೆ ಮುರಿದು, ಅದರೊಳಗಿನ ಬೆನ್ನುಹುರಿಗೆ ಪೆಟ್ಟಾದವರಿಗೆ ಆಕ್ಸಿಜನ್ ಚೇಂಬರ್ (ಹೆಚ್ಚಿನ ಒತ್ತಡದಲ್ಲಿ ಆಕ್ಸಿಜನ್ ಕೊಡುವ ಮುಚ್ಚಿದ ಕೋಣೆ) ಬೇಕಾ ಎಂದು ಕೇಳಿದ್ದೀರಿ. ಚೇಂಬರ್ ಇರೋದು ಸ್ಕೂಬಾ ಡೈವರ್‌ಗಳ (ಉಸಿರಾಟದ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವವರ) ತೊಂದರೆಗೆ: ಆಳದಿಂದ ಬೇಗ ಮೇಲೆ ಬಂದರೆ ಮೈಯೊಳಗೆ ನೈಟ್ರೋಜನ್ ಗುಳ್ಳೆಗಳೆದ್ದು ಬೆನ್ನುಹುರಿಯನ್ನು ಕೆಡಿಸುತ್ತವೆ; ವಾತಾವರಣದ 2.8 ಪಟ್ಟು ಒತ್ತಡದಲ್ಲಿ ಶುದ್ಧ ಆಕ್ಸಿಜನ್ ಕೊಟ್ಟರೆ ಅವು ಕುಗ್ಗುತ್ತವೆ. ಮುರಿದ ಮೂಳೆಯಿಂದ ಜಜ್ಜಿದ ಹುರಿಗೆ ಅದು ರೂಢಿಯ ಚಿಕಿತ್ಸೆಯಲ್ಲ. ಅದಕ್ಕಾಗಿ ಸಾಲ ಮಾಡಬೇಡಿ.

ದುಡ್ಡು ಫಿಸಿಯೋಥೆರಪಿಗಿರಲಿ. ಹಾಸಿಗೆ ಹುಣ್ಣಾಗದಂತೆ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದಡಿ ದಿಂಬಿಡಿ. ಕೈಗೆ ವ್ಯಾಯಾಮ ಮಾಡಿಸುವಾಗ ಮನೆಯವರು ತಪ್ಪೋದು ಇಲ್ಲೇ: ಮಣಿಕಟ್ಟು, ಬೆರಳು ಎರಡನ್ನೂ ಒಟ್ಟಿಗೆ ಹಿಂದಕ್ಕೆ ಚಾಚಿ ಬೆರಳಿನ ಬಿಗಿ ಸಡಿಲಿಸುತ್ತಾರೆ. ಮಣಿಕಟ್ಟು ಎತ್ತಬಲ್ಲವರಿಗೆ, ಎತ್ತಿದಾಗ ಬೆರಳು ತಾನಾಗಿ ಮಡಚುವ ಬಿಗಿ ಉಳಿದರಷ್ಟೇ ಲೋಟ ಹಿಡಿಯಲು ಸಾಧ್ಯ.

ಏಕಾಏಕಿ ತಲೆ ಸಿಡಿದು ಮುಖ ಬೆವತರೆ ಬಿಪಿ ಏರಿರಬಹುದು: ಎತ್ತಿ ಕೂರಿಸಿ, ಮೂತ್ರದ ಪೈಪ್ ಮಡಚಿದೆಯಾ ನೋಡಿ. ಬಿಪಿ ಇಳಿಯದಿದ್ದರೆ ತಕ್ಷಣ ಆಸ್ಪತ್ರೆ.