ಐಟಿ ಕೆಲಸ ಬಿಟ್ಟು ಸ್ವತಂತ್ರ ಸಲಹೆಗಾರರಾಗುವವರು ದಿನಕ್ಕೆ ಎಷ್ಟು ಕೇಳಬೇಕು?

ವರ್ಷಕ್ಕೆ 18 ಲಕ್ಷ ಸಂಬಳ, 4 ವರ್ಷ 8 ತಿಂಗಳ ಸೇವೆ, ಮುಂದಿನ ವಾರವೇ ರಾಜೀನಾಮೆ, ದಿನಕ್ಕೆ 7,500 ಕೇಳಿದರೆ ಸಾಕೇ ಎಂದಿದ್ದೀರಿ. ಸಾಲದು.

18 ಲಕ್ಷವನ್ನು 240 ಕೆಲಸದ ದಿನಗಳಿಗೆ ಹಂಚಿದ್ದೀರಿ, ಎಡವಟ್ಟು ಅಲ್ಲೇ. ಗಿರಾಕಿ ಹುಡುಕುವುದು, ಪ್ರಸ್ತಾವನೆ ಬರೆಯುವುದು, ಬಾಕಿ ವಸೂಲಿ, ಹುಷಾರಿಲ್ಲದ ದಿನ ಎಲ್ಲ ಕಳೆದರೆ ಮೊದಲ ವರ್ಷ ಬಿಲ್ ಮಾಡಲು 120 ದಿನ ಸಿಕ್ಕರೆ ಹೆಚ್ಚು. ಆರೋಗ್ಯ ವಿಮೆ, ಲ್ಯಾಪ್‌ಟಾಪ್, ಲೆಕ್ಕಪರಿಶೋಧಕರ ಶುಲ್ಕ, ಕಂಪನಿ ಕಟ್ಟುತ್ತಿದ್ದ ಪಿಎಫ್ ಪಾಲು ಸೇರಿ 4 ಲಕ್ಷ ಇಟ್ಟುಕೊಳ್ಳಿ. 22 ಲಕ್ಷ ಭಾಗಿಸು 120, ಅಂದರೆ ದಿನಕ್ಕೆ ಸುಮಾರು 18,000. ಇದಕ್ಕಿಂತ ಕೆಳಗಿಳಿದು ಶುರು ಮಾಡಿದರೆ ಅದೇ ಗಿರಾಕಿಯ ಬಳಿ ಆಮೇಲೆ ಏರಿಸುವುದು ಬಹಳ ಕಷ್ಟ.

ರಾಜೀನಾಮೆಯನ್ನು ದಯವಿಟ್ಟು ಸ್ವಲ್ಪ ತಡೆಯಿರಿ. ನೋಟಿಸ್ ಅವಧಿ ಸೇರಿ ಕೊನೆಯ ದಿನ 5 ವರ್ಷ ದಾಟಿದರೆ ಗ್ರಾಚ್ಯುಟಿ, ಅಂದರೆ ಸೇವೆಗಾಗಿ ಕಂಪನಿ ಕೊನೆಗೆ ಒಟ್ಟಿಗೆ ಕೊಡುವ ಹಣ, ನಿರಾತಂಕವಾಗಿ ಕೈಸೇರುತ್ತದೆ. ಗೃಹಸಾಲ ಬೇಕಿದ್ದರೆ ಸಂಬಳದ ಚೀಟಿ ಇರುವಾಗಲೇ ಅರ್ಜಿ ಹಾಕಿ. ಕಂಪನಿಯ ಗುಂಪು ವಿಮೆಯಿಂದ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಬದಲಾಗುವ ಬಗ್ಗೆಯೂ ಈಗಲೇ ವಿಚಾರಿಸಿ.

ಹಣ ತಡವಾಗುವುದೇ ಈ ವೃತ್ತಿಯ ದೊಡ್ಡ ಕಾಟ. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ‘ಉದ್ಯಮ್’ ನೋಂದಣಿ ಉಚಿತ, ಕೆಲಸ ಶುರುವಾಗುವ ಮೊದಲೇ ಮಾಡಿಸಿ. ಆಗ ಒಪ್ಪಂದದಲ್ಲಿ ಏನೇ ಬರೆದಿದ್ದರೂ ಗಿರಾಕಿ 45 ದಿನದೊಳಗೆ ಪಾವತಿಸಬೇಕು, ತಡವಾದರೆ ಬಡ್ಡಿ ಕೇಳುವ ಹಕ್ಕು ನಿಮ್ಮದು. ಜತೆಗೆ ಶೇ 30 ಮುಂಗಡ ಕೇಳಿ. ನಿಜವಾಗಿ ಕೆಲಸ ಬೇಕಿರುವವರು ಇದಕ್ಕೆ ತಕರಾರು ಮಾಡುವುದು ಕಡಿಮೆ.

ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಮೇಲಿನ ಲೆಕ್ಕದಲ್ಲಿ ನೀವು ದಾಟುತ್ತೀರಿ, ಹಾಗಾಗಿ ದರ ಹೇಳುವಾಗಲೇ ‘ಜಿಎಸ್‌ಟಿ ಪ್ರತ್ಯೇಕ’ ಎಂದು ಬರೆಯಿರಿ.