35 ಸಾವಿರ ಡಾಲರಿನ ಕಾರು ಮತ್ತು ದೇವಿಮನೆ ಘಟ್ಟ

ಪ್ರಶ್ನೆ: ಟೆಸ್ಲಾ ಕಂಪನಿಯ ಮಾಡೆಲ್ 3 ಸೆಡಾನನ್ನು ಜನಸಾಮಾನ್ಯರ ವಿದ್ಯುತ್ ಕಾರು ಎಂದು ಬಹಳ ವರ್ಷಗಳಿಂದ ಹೊಗಳಲಾಗುತ್ತಿದೆ. ಹೇಳಿದ ಬೆಲೆಗೆ ಅದು ನಿಜವಾಗಿ ಸಿಕ್ಕಿತೇ? ನಮ್ಮ ರಸ್ತೆಗಳಲ್ಲಿ ಕಣ್ಣಿಗೇ ಬೀಳದ ಆ ಕಾರಿನಿಂದ ನಮಗೇನು ವ್ಯತ್ಯಾಸವಾಗಿದೆ?
– ಓದುಗರು, ಶಿರಸಿ

ಉತ್ತರ: ಸಿಕ್ಕಿತು, ಆದರೆ ತಡವಾಗಿ ಮತ್ತು ಸ್ವಲ್ಪ ಕಾಲ ಮಾತ್ರ. ಮೊದಲು ದುಬಾರಿ ಸ್ಪೋರ್ಟ್ಸ್ ಕಾರು, ಅದರಿಂದ ಬಂದ ಹಣದಲ್ಲಿ ಇನ್ನಷ್ಟು ಅಗ್ಗದ ಕಾರು, ಆಮೇಲೆ ಅದಕ್ಕಿಂತಲೂ ಅಗ್ಗದ್ದು ಎಂಬ ಯೋಜನೆಯನ್ನು ಇಲಾನ್ ಮಸ್ಕ್ 2006ರಲ್ಲೇ ಪ್ರಕಟಿಸಿದ್ದರು. 2008ರ ರೋಡ್‌ಸ್ಟರ್ ಮತ್ತು 2012ರ ಮಾಡೆಲ್ ಎಸ್ ಆ ಯೋಜನೆಯ ಮೊದಲೆರಡು ಮೆಟ್ಟಿಲುಗಳು. 2016ರ ಮಾರ್ಚ್ 31ರಂದು ಮಾಡೆಲ್ 3ರ ಮಾದರಿಯನ್ನು ತೋರಿಸಿ, ಬೆಲೆ 35,000 ಡಾಲರಿನಿಂದ ಆರಂಭವಾಗುತ್ತದೆ ಎಂದಾಗ, ಒಂದೇ ವಾರದಲ್ಲಿ ಸುಮಾರು 3,25,000 ಮಂದಿ ತಲಾ 1,000 ಡಾಲರ್ ಮುಂಗಡ ಕಟ್ಟಿದರು.

ತೊಡಕಾದದ್ದು ತಯಾರಿಕೆ. ಮೊದಲ ಕಾರುಗಳು 2017ರ ಜುಲೈನಲ್ಲಿ ಗ್ರಾಹಕರ ಕೈ ಸೇರಿದವಾದರೂ, ಆ ವರ್ಷದ ಕೊನೆಗೆ ತಲುಪಬೇಕಿದ್ದ ವಾರಕ್ಕೆ 5,000 ಕಾರುಗಳ ಗುರಿ ಮುಟ್ಟಲು 2018ರ ಜೂನ್ ಅಂತ್ಯದವರೆಗೆ ಕಾಯಬೇಕಾಯಿತು; ಅದೂ ಅಮೆರಿಕದ ಫ್ರೀಮಾಂಟ್ ಕಾರ್ಖಾನೆಯ ಅಂಗಳದಲ್ಲಿ ದೊಡ್ಡ ಡೇರೆ ಹಾಕಿ, ಅದರೊಳಗೆ ಇನ್ನೊಂದು ಜೋಡಣಾ ಸಾಲು ನಡೆಸಿದ ಮೇಲೆ. ಬ್ಯಾಟರಿಯ ಮೇಲೆ ಗಾಜಿನ ನಾರಿನ ಹಾಸುಗಳನ್ನು ಹಾಕಲು ಇಟ್ಟಿದ್ದ ಯಂತ್ರವೊಂದರ ಕಥೆಯನ್ನು ಮಸ್ಕ್ ಅವರೇ ಹೇಳಿದ್ದಾರೆ. ಮೆತ್ತನೆಯ ಹಾಸನ್ನು ಎತ್ತಲು ರೋಬೋಗೆ ಬರುತ್ತಿರಲಿಲ್ಲ, ಸಾಲು ಪದೇ ಪದೇ ನಿಲ್ಲುತ್ತಿತ್ತು. ಈ ಹಾಸು ಏಕೆ ಬೇಕೆಂದು ವಿಚಾರಿಸಿದಾಗ ಬ್ಯಾಟರಿ ವಿಭಾಗದವರು ಸದ್ದು ತಡೆಯಲು ಎಂದರು, ಸದ್ದಿನ ವಿಭಾಗದವರು ಬೆಂಕಿ ತಡೆಯಲು ಎಂದರು. ಹಾಸು ಇರುವ ಮತ್ತು ಇಲ್ಲದ ಕಾರುಗಳ ಸದ್ದನ್ನು ಹೋಲಿಸಿ ನೋಡಿದರೆ ವ್ಯತ್ಯಾಸವೇ ತಿಳಿಯಲಿಲ್ಲವಾದ್ದರಿಂದ ಹಾಸನ್ನೂ ಯಂತ್ರವನ್ನೂ ಒಟ್ಟಿಗೆ ಕೈಬಿಡಲಾಯಿತು. ಆ ಕಾರಿನ ಚರಿತ್ರೆಯಲ್ಲಿ ನನಗೆ ಬಹಳ ಮುಖ್ಯವೆನಿಸುವ ಭಾಗ ಇದೇ. ವೇಗದ ಅಂಕಿಗಳಲ್ಲ, ದೊಡ್ಡ ಪರದೆಯೂ ಅಲ್ಲ.

35,000 ಡಾಲರಿನ ಆವೃತ್ತಿ ಬಂದದ್ದು 2019ರ ಫೆಬ್ರವರಿ ಕೊನೆಯಲ್ಲಿ. ಏಪ್ರಿಲ್‌ನಲ್ಲೇ ಅದನ್ನು ಜಾಲತಾಣದ ಪಟ್ಟಿಯಿಂದ ತೆಗೆಯಲಾಯಿತು. ಆದರೂ 2021ರಲ್ಲಿ ಮಾಡೆಲ್ 3 ಹತ್ತು ಲಕ್ಷ ಮಾರಾಟ ದಾಟಿದ ಮೊದಲ ವಿದ್ಯುತ್ ಕಾರಾಯಿತು. ವಿದ್ಯುತ್ ಕಾರೆಂದರೆ ನಷ್ಟದ ಬಾಬತ್ತು ಎನ್ನುತ್ತಿದ್ದ ಹಳೆಯ ಕಂಪನಿಗಳು ಬೇರೆ ಲೆಕ್ಕ ಹಾಕಬೇಕಾಯಿತು.

ನಮ್ಮ ಮಟ್ಟಿಗೆ ಗಮನಿಸಬೇಕಾದದ್ದು 2020ರ ಬೆಳವಣಿಗೆ. ಶಾಂಘೈ ಕಾರ್ಖಾನೆಯ ಅಗ್ಗದ ಮಾಡೆಲ್ 3ಕ್ಕೆ ಆ ವರ್ಷ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿ ಬಂತು. ಅಷ್ಟೇ ಶಕ್ತಿಗೆ ಇದು ಹೆಚ್ಚು ಭಾರವಾದರೂ ಕೋಬಾಲ್ಟ್ ಮತ್ತು ನಿಕಲ್ ಬೇಡದ, ಅಗ್ಗದ, ಬಾಳಿಕೆ ಬರುವ ಬಗೆ. ನಮ್ಮ ರಸ್ತೆಯ ಟಾಟಾ ನೆಕ್ಸಾನ್ ಇವಿಯಲ್ಲೂ ಇರುವುದು ಇದೇ ಬಗೆ. ಆದರೆ ಅದರ ಶ್ರೇಯಸ್ಸನ್ನು ಟೆಸ್ಲಾಕ್ಕೆ ಕೊಡುವಂತಿಲ್ಲ, ಏಕೆಂದರೆ ನೆಕ್ಸಾನ್ ಇವಿ 2020ರ ಜನವರಿಯಲ್ಲೇ ಮಾರುಕಟ್ಟೆಗೆ ಬಂದಿತ್ತು. ಟೆಸ್ಲಾ ಭಾರತಕ್ಕೆ ಬಂದದ್ದು 2025ರ ಜುಲೈನಲ್ಲಿ, ಮುಂಬೈಗೆ. ತಂದದ್ದು ಮಾಡೆಲ್ ವೈ, ಬೆಲೆ ಸುಮಾರು 60 ಲಕ್ಷ ರೂಪಾಯಿ. ಜನಸಾಮಾನ್ಯರ ಕಾರು ಎಂಬ ಮಾತನ್ನು ಆಮದು ಸುಂಕದ ಮುಂದೆ ಆಡುವಂತಿಲ್ಲ.

ಪ್ರಶ್ನೆ: ಅಡಕೆ ವ್ಯವಹಾರಕ್ಕಾಗಿ ಕುಮಟಾದಿಂದ ಶಿರಸಿಗೆ ವಾರಕ್ಕೆರಡು ಬಾರಿ ಹೋಗುತ್ತೇನೆ. ದೇವಿಮನೆ ಘಟ್ಟ ಹತ್ತುವಾಗ ವಿದ್ಯುತ್ ಕಾರಿನ ಚಾರ್ಜ್ ಸೋರಿಹೋಗುತ್ತದೆ ಎಂದು ಹೆದರಿಸುತ್ತಾರೆ. ಹೌದೇ?
– ಓದುಗರು, ಕುಮಟಾ

ಉತ್ತರ: ಲೆಕ್ಕ ಹಾಕಿ ನೋಡೋಣ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಜನರೂ ಸೇರಿ 1,800 ಕಿಲೋ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಏರಿಸಲು ಬೇಕಾಗುವ ಶಕ್ತಿ ಸುಮಾರು 3 ಯೂನಿಟ್; ಇದು ಮಾಮೂಲಿ ಓಟಕ್ಕೆ ತಗಲುವುದರ ಮೇಲಿನ ಹೆಚ್ಚುವರಿ. ಮನೆಯ 16 ಆಂಪಿಯರ್ ಪ್ಲಗ್ಗಿನಲ್ಲಿ ಒಂದು ಗಂಟೆ ಚಾರ್ಜ್ ಮಾಡಿದರೆ ತುಂಬುವುದೂ ಹೆಚ್ಚುಕಡಿಮೆ ಅಷ್ಟೇ. ಇಳಿಯುವಾಗ ಮೋಟಾರು ಜನರೇಟರಿನಂತೆ ಕೆಲಸ ಮಾಡಿ, ಇದರಲ್ಲಿ ಒಂದು ಭಾಗವನ್ನು ಬ್ಯಾಟರಿಗೆ ಹಿಂತಿರುಗಿಸುತ್ತದೆ, ಬ್ರೇಕಿನ ಸವೆತವೂ ತಗ್ಗುತ್ತದೆ.

ಇಲ್ಲೊಂದು ಎಚ್ಚರ ಬೇಕು. ಶಿರಸಿಯಲ್ಲೇ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಇಳಿಯಲು ಹೊರಟರೆ, ತುಂಬಿದ ಕೊಡಕ್ಕೆ ನೀರು ಹೊಯ್ದಂತೆ, ಬ್ಯಾಟರಿಗೆ ಹಿಡಿಸುವಷ್ಟು ಜಾಗವಿರುವುದಿಲ್ಲ. ಆಗ ಕಾರು ತಾನಾಗಿ ನಿಧಾನವಾಗುವ ಗುಣ ಕಡಿಮೆಯಾಗಿ, ತಿರುವುಗಳಲ್ಲಿ ಮಾಮೂಲಿ ಬ್ರೇಕನ್ನೇ ನಂಬಬೇಕಾಗುತ್ತದೆ. ಮೇಲಿನಿಂದ ಹೊರಡುವಾಗ 80–85 ಶೇಕಡಾ ಸಾಕು. ಕಬ್ಬಿಣ ಫಾಸ್ಫೇಟ್ ಬ್ಯಾಟರಿಯನ್ನು ಆಗಾಗ ಪೂರ್ತಿ ತುಂಬಬೇಕೆಂಬ ಸೂಚನೆ ಕೈಪಿಡಿಯಲ್ಲಿದ್ದರೆ, ಆ ಕೆಲಸವನ್ನು ಕುಮಟಾದ ಮನೆಯಲ್ಲಿ ಮಾಡಿಕೊಳ್ಳಿ.

ಘಟ್ಟಕ್ಕಿಂತ ನನಗೆ ಚಿಂತೆ ಮಳೆಗಾಲದ್ದು. ತಂತಿಯ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವುದು ನಮ್ಮ ಜಿಲ್ಲೆಗೆ ಹೊಸದಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿ 66 ಬಂದಾಗಿ, ವಾಹನಗಳು ಸುತ್ತುದಾರಿ ಹಿಡಿಯಬೇಕಾಯಿತು. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಧಕ್ಕಿಂತ ಕೆಳಗೆ ಚಾರ್ಜ್ ಇಳಿಯಲು ಬಿಡಬೇಡಿ. ಹಳೆಯ ಮನೆಯಾದರೆ ಕಾರು ತರುವ ಮೊದಲೇ ಅರ್ಥಿಂಗ್ ಪರೀಕ್ಷಿಸಿಕೊಳ್ಳಿ. ಅದು ಸರಿಯಿಲ್ಲದಿದ್ದರೆ ಅನೇಕ ಕಾರುಗಳು ಚಾರ್ಜ್ ತೆಗೆದುಕೊಳ್ಳುವುದೇ ಇಲ್ಲ.

ಪ್ರಶ್ನೆ: ಗಂಗಾವಳಿ ಉಕ್ಕಿದಾಗ ನಮ್ಮ ಅಂಗಳಕ್ಕೂ ನೀರು ಬರುತ್ತದೆ. ವಿದ್ಯುತ್ ಕಾರಿಗೆ ಅಪಾಯವಿದೆಯೇ?
– ಓದುಗರು, ಅಂಕೋಲಾ

ಉತ್ತರ: ಮಳೆಗೆ ಹೆದರಬೇಕಿಲ್ಲ, ಬ್ಯಾಟರಿಯ ಪೆಟ್ಟಿಗೆ ನೀರು ನುಗ್ಗದಂತೆ ಮುಚ್ಚಿರುತ್ತದೆ. ಆದರೆ ನದೀಮುಖದ ಉಪ್ಪುನೀರಿನಲ್ಲಿ ಕಾರು ಗಂಟೆಗಟ್ಟಲೆ ಮುಳುಗಿದರೆ ಪರಿಸ್ಥಿತಿ ಬೇರೆ. 2022ರ ಸೆಪ್ಟೆಂಬರ್‌ನಲ್ಲಿ ಫ್ಲೋರಿಡಾಕ್ಕೆ ಇಯಾನ್ ಚಂಡಮಾರುತ ಅಪ್ಪಳಿಸಿದ ಬಳಿಕ, ಸಮುದ್ರದ ನೀರಿನಲ್ಲಿ ಮುಳುಗಿದ್ದ ಕೆಲವು ವಿದ್ಯುತ್ ಕಾರುಗಳಿಗೆ ನೀರಿಳಿದು ದಿನಗಳಾದ ಮೇಲೂ ಬೆಂಕಿ ಹತ್ತಿಕೊಂಡಿತು. ಒಳಗೆ ಉಳಿದ ಉಪ್ಪು ವಿದ್ಯುತ್ತಿಗೆ ಅಡ್ಡದಾರಿ ಮಾಡಿಕೊಡುತ್ತದೆ. ನೆರೆಯ ಮುನ್ಸೂಚನೆ ಬಂದೊಡನೆ ಕಾರನ್ನು ಎತ್ತರದ ಜಾಗಕ್ಕೆ ಒಯ್ದು ನಿಲ್ಲಿಸಿ. ಮುಳುಗಿಯೇ ಹೋದರೆ ಸ್ಟಾರ್ಟ್ ಮಾಡುವುದಾಗಲಿ ಚಾರ್ಜಿಗೆ ಹಚ್ಚುವುದಾಗಲಿ ಬೇಡ. ಮನೆ, ಕೊಟ್ಟಿಗೆ ಮತ್ತು ಬೇರೆ ವಾಹನಗಳಿಂದ 15 ಮೀಟರ್ ದೂರದ ಬಯಲಿಗೆ ಎಳೆಸಿ, ಕಂಪನಿಯ ಸರ್ವಿಸ್ ಕೇಂದ್ರದವರಿಗೆ ಉಪ್ಪುನೀರು ಹೊಕ್ಕಿದೆಯೆಂದು ಸ್ಪಷ್ಟವಾಗಿ ತಿಳಿಸಿ.