ನಾಲ್ಕು ತೊಲದ ಪಾಟ್ಲಿ

(ಗುರುತು ಸಿಗದಂತೆ ಹೆಸರು, ಕೆಲವು ವಿವರ ಬದಲಿಸಿದ್ದೇನೆ.)

ಶಾಂತಕ್ಕನಿಗೆ 52 ವರ್ಷ. ಬೀದರ್ ಕಡೆಯ ಮೆಥೋಡಿಸ್ಟ್ ಕ್ರೈಸ್ತ ಮನೆತನ, ಮದುವೆಯಾಗಿ ಪುಣೆಯ ಖಡಕಿಗೆ ಬಂದವರು. ಸಲಹೆ ಕೇಳಲು ನನ್ನ ಹತ್ತಿರ ಬಂದವರು, ಮಾತು ಶುರು ಮಾಡುವ ಮೊದಲೇ ಎಡಗೈ ಮಣಿಕಟ್ಟು ಸವರಿಕೊಂಡರು. ಅಲ್ಲೀಗ ಎರಡು ಗಾಜಿನ ಬಳೆ. ಮೊದಲಿದ್ದದ್ದು ತಾಯಿ ಕೊಟ್ಟ ಪಾಟ್ಲಿ, ಚಿನ್ನದ ಬಳೆ.

ಮೂರು ವರ್ಷದ ಹಿಂದೆ ತಮ್ಮ ಅದನ್ನು ಅಡವಿಡಲು ಒಯ್ದ. ಬಡ್ಡಿ ಕಟ್ಟಲಿಲ್ಲ, ಹರಾಜಾಯಿತು. 'ಕ್ರೈಸ್ತರಲ್ವಾ, ಕ್ಷಮಿಸಿಬಿಡು' ಅಂದರು ಎಲ್ಲರೂ. ಇವರೂ ಹೂಂ ಅಂದರು. ಆದರೆ ಭಾನುವಾರ ಚರ್ಚಿನಲ್ಲಿ ಕರ್ತನ ಪ್ರಾರ್ಥನೆ ಹೇಳುವಾಗ 'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ' ಎನ್ನುವಲ್ಲಿಗೆ ಬಂದರೆ ತುಟಿ ನಿಂತುಬಿಡುತ್ತದೆ. ಎರಡು ಬೆಂಚು ಮುಂದೆ ತಮ್ಮ ಕೂತಿರುತ್ತಾನೆ.

"ಬಾಯಿ ಕ್ಷಮಿಸ್ಯದ ಮೇಡಂ, ಹೊಟ್ಟಿ ಕ್ಷಮಿಸಿಲ್ಲ."

"ಎಷ್ಟು ತೊಲ ಇತ್ತು?" ಅಂದೆ.

ಇಷ್ಟು ದಿನ ಯಾರೂ ಕೇಳಿರಲಿಲ್ಲವಂತೆ. "ನಾಲ್ಕು" ಅಂದು ಅತ್ತರು.

ಬೈಬಲ್ಲಿನ ಮತ್ತಾಯ 18ರ ಕಥೆ ಅವರಿಗೆ ಬಾಯಿಪಾಠ. ಹತ್ತು ಸಾವಿರ ತಲಾಂತು, ಅಂದರೆ ಜನ್ಮವಿಡೀ ದುಡಿದರೂ ತೀರದಷ್ಟು ಸಾಲ, ಮನ್ನಾ ಆದ ಸೇವಕ, 100 ದಿನಾರಿಗಾಗಿ ಜೊತೆಯವನ ಕುತ್ತಿಗೆ ಹಿಡಿದ. ಆ ನೂರನ್ನು ನಾವು ಪುಡಿಗಾಸು ಅಂದುಬಿಡುತ್ತೇವೆ. ಒಂದು ದಿನಾರಿ ಅಂದರೆ ಆಗಿನ ಕೂಲಿಯವನ ಒಂದು ದಿನದ ಸಂಬಳ. ಮೂರು ತಿಂಗಳಿಗೂ ಜಾಸ್ತಿ ದುಡಿಮೆ! ಕರ್ತನ ಪ್ರಾರ್ಥನೆಯಲ್ಲೂ ಅಷ್ಟೇ, ಮತ್ತಾಯನ ಗ್ರೀಕ್ ಮೂಲದಲ್ಲಿರುವುದು 'ಸಾಲ' ಎಂಬ ಮಾತು. ಎಷ್ಟು ಅಂತ ಗೊತ್ತಿಲ್ಲದ ಸಾಲವನ್ನು ಮನ್ನಾ ಮಾಡುವುದು ಹೇಗೆ?

ಅದೇ ಅಧ್ಯಾಯದಲ್ಲಿ, ತಪ್ಪು ಮಾಡಿದ ಸಹೋದರನಿಗೆ ಇಬ್ಬರೇ ಇದ್ದಾಗ ಹೇಳು ಅಂತಲೂ ಇದೆ. ಹಾಗೇ ಮಾಡಿ ಅಂದೆ. ಪಾಸ್ಟರ್ ಮುಂದೆ ಬೇಡ, ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಂತೂ ಬೇಡವೇ ಬೇಡ. ಬೈಯಬೇಡಿ. 'ಹೋಗ್ಲಿ ಬಿಡು' ಅಂತಲೂ ಶುರು ಮಾಡಬೇಡಿ. ತೂಕ ಹೇಳಿ. ಕ್ಷಮಿಸಿದ ಮೇಲೆ ಇನ್ನೊಂದು ಒಡವೆ ಕೊಡಲೇಬೇಕು ಅಂತೇನಿಲ್ಲ, ಕಪಾಟಿನ ಬೀಗ ನಿಮ್ಮ ಹತ್ತಿರವೇ ಇರಲಿ.

ಇನ್ನೊಂದು. ತಮ್ಮನ ಮಗಳಿಗೆ ಎರಡು ಕ್ರಿಸ್‌ಮಸ್‌ನಿಂದ ಕರ್ಚಿಕಾಯಿ ಹೋಗಿರಲಿಲ್ಲ. ಅವಳಿಗೆ ಹತ್ತು ವರ್ಷ. ಅವಳೇನು ಮಾಡಿದ್ದಾಳೆ? ಹಬ್ಬಕ್ಕೆ ಕಾಯದೆ ಈ ವಾರವೇ ಕಳಿಸಿ ಅಂದೆ.

ತಿಂಗಳಾದ ಮೇಲೆ ಬಂದರು. ಖಡಕಿ ಸ್ಟೇಷನ್ನಿನ ಬೆಂಚಿನಲ್ಲಿ ಮಾತಾಯಿತಂತೆ. "ಅವತ್ತೇ ಬೈದಿದ್ರ ಛಲೋ ಇತ್ತಕ್ಕಾ, ನಿನ್ ಮುಖಾ ನೋಡ್ಲಾಕ ಆಗ್ತಿರ್ಲಿಲ್ಲ" ಅಂದನಂತೆ ತಮ್ಮ.

ಪರ್ಸಿನಿಂದ ಒಂದು ಕವರ್ ತೆಗೆದು ಮೇಜಿನ ಮೇಲಿಟ್ಟರು. 2,000 ರೂಪಾಯಿ, ಮೊದಲ ಕಂತು.

"ಇಸ್ಕೊಂಡ್ರ ಕ್ಷಮಿಸಿದಂಗ ಆಗ್ತದೇನ್ರಿ?"

"ತಗೊಳ್ಳಿ. ಮೋಸದಿಂದ ತಗೊಂಡಿದ್ರೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದ ಸುಂಕದವ ಜಕ್ಕಾಯನಿಗೆ ಯೇಸು ಬೇಡ ಅಂದ್ರಾ?"

"ನಾಲ್ಕರಷ್ಟಾ? ಹದಿನಾರು ತೊಲ!" ಅಂತ ಶಾಂತಕ್ಕ ನಕ್ಕರು.